ಬೆರಳಿಗೊಂದು ಬೆಳಕಿನ ಕ್ಲಿಪ್ಪು

ಕೇಳುಗರಿಗೆ ನಮಸ್ಕಾರ. ನನ್ನ ತಂಗಿ ಮಗನಿಗೆ ನಾಲ್ಕು ವರ್ಷ, ಮುಳಬಾಗಿಲ ಹತ್ತಿರದ ಹಳ್ಳಿ. ಅವನಿಗೆ ಹರ್ನಿಯಾ ಆಪರೇಷನ್ನಿಗೆ ಡೇಟ್ ಕೊಟ್ಟಿದ್ದರು. ಅವರಪ್ಪ ಟೊಮೆಟೊ ಕೊಯ್ಲು ಅರ್ಧಕ್ಕೆ ಬಿಟ್ಟು, ಬ್ಯಾಗು ಕಟ್ಟಿಕೊಂಡು ಬಂದ. ಹಿಂದಿನ ದಿನ ಮೂವರು ಹಿಡಿದುಕೊಂಡು ರಕ್ತ ತೆಗೆದರು. ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಆಕ್ಸಿಜನ್ ಹೊರುವ ಕೆಂಪು ಅಂಶ, 8.2 ಇತ್ತು, ತೀರಾ ಕಮ್ಮಿ. ‘ಈಗ ಬೇಡ, ಎರಡು ತಿಂಗಳು ಬಿಟ್ಟು ಬನ್ನಿ’ ಅಂತ ವಾಪಸ್ ಕಳಿಸಿದರು.

ವಾಪಸ್ ಕಳಿಸಿದ್ದು ತಪ್ಪಲ್ಲ. ಹನ್ನೆರಡು ಕೆ.ಜಿ. ಮಗುವಿನ ಮೈಯಲ್ಲಿರುವ ರಕ್ತವೇ ಒಂದು ಲೀಟರಿಗಿಂತ ಕಡಿಮೆ. ಆಪರೇಷನ್ನಿನಲ್ಲಿ ದೊಡ್ಡವರಿಗೆ ನೂರು ಎಂ.ಎಲ್. ರಕ್ತ ಹೋದರೆ ಲೆಕ್ಕಕ್ಕಿಲ್ಲ, ಮಗುವಿಗೆ ಅದು ಜಾಸ್ತಿ. ನನಗೆ ಕೋಪ ಬಂದಿದ್ದು ಬೇರೆ ವಿಷಯಕ್ಕೆ. ಡೇಟ್ ಕೊಟ್ಟ ದಿನವೇ ಇದನ್ನು ನೋಡಬಹುದಿತ್ತು ಅಲ್ವಾ? ಆದರೆ ಸುಮ್ನೆ ತೋರಿಸಲು ಬಂದ ಮಗುವಿಗೆ ಸೂಜಿ ಯಾಕೆ ಅಂತ ಡಾಕ್ಟರೂ ಹಿಂಜರಿಯುತ್ತಾರೆ, ಅಪ್ಪ ಅಮ್ಮನೂ ಬೇಡ ಅನ್ನುತ್ತಾರೆ, ಹಾಗೇ ದಿನ ಕಳೆಯುತ್ತದೆ.

ಸೂಜಿ ಚುಚ್ಚದೆಯೇ ಹಿಮೋಗ್ಲೋಬಿನ್ ನೋಡುವ ಯಂತ್ರವೊಂದಿದೆ, ಅದು ಉಪಯೋಗಕ್ಕೆ ಬರುವುದು ಅಲ್ಲೇ. ಬೆರಳಿಗೆ ಕ್ಲಿಪ್ಪು ಹಾಕುತ್ತಾರೆ. ಅದರಿಂದ ಬೇರೆ ಬೇರೆ ಅಲೆಯುದ್ದದ ಬೆಳಕು ಬೆರಳೊಳಗೆ ಹಾಯುತ್ತದೆ, ನಾಡಿ ಬಡಿದಾಗಲೆಲ್ಲ ರಕ್ತ ಎಷ್ಟು ಬೆಳಕು ಹೀರಿತು ಅಂತ ನೋಡಿ ಯಂತ್ರ ಹಿಮೋಗ್ಲೋಬಿನ್ ಅಂದಾಜು ಮಾಡುತ್ತದೆ. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ನಮ್ಮನೇಲೂ ಇದೆ ಅಂತೀರಾ? ಅದು ಬೇರೆ ಸ್ವಾಮಿ. ಅದರಲ್ಲಿ ಇರುವುದು ಎರಡೇ ಬೆಳಕು, ಇರುವ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಅಂತ, ಜೊತೆಗೆ ನಾಡಿ ಬಡಿತ, ಅಷ್ಟೇ ಅದು ಹೇಳುತ್ತದೆ. ರಕ್ತ ತೀರಾ ಕಡಿಮೆ ಇರುವ ಮಗುವಿಗೂ ಅದರಲ್ಲಿ 99 ಬರಬಹುದು, ಅದನ್ನು ನೋಡಿ ಮೋಸ ಹೋಗಬೇಡಿ.

ರಕ್ತಹೀನತೆ ನಮ್ಮಲ್ಲಿ ಅಪರೂಪವೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ಇತ್ತು. ಕೋಲಾರ ಅಂದರೆ ಹಾಲಿನ ಜಿಲ್ಲೆ, ಮಗು ಊಟ ಬಿಟ್ಟರೂ ಹಾಲು ಕುಡಿದರೆ ಸಾಕು ಅಂತ ನಮ್ಮಮ್ಮನೂ ಹೇಳುತ್ತಿದ್ದರು. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹೊಟ್ಟೆ ತುಂಬಾ ಹಾಲು ಕುಡಿದ ಮಗು ಮುದ್ದೆ ಬಸ್ಸಾರು ಯಾಕೆ ಮುಟ್ಟುತ್ತದೆ ಹೇಳಿ?

ತಂಗಿ ಮಗನಿಗೆ ಐರನ್ ಸಿರಪ್ ಕೊಟ್ಟರು, ಹಾಲಿನ ಜೊತೆ ಕೊಡಬೇಡಿ ಅಂದರು, ಹುಳದ ಮಾತ್ರೆಯನ್ನೂ ಕೊಟ್ಟರು. ಮಲ ಕಪ್ಪಗಾಯಿತು ಅಂತ ತಂಗಿ ಹೆದರಿ ರಾತ್ರಿ ಫೋನ್ ಮಾಡಿದಳು. ಸಿರಪ್ಪಿಗೆ ಹಾಗಾಗುತ್ತದೆ, ನಿಲ್ಲಿಸಬೇಡ ಅಂದೆ.

ಎರಡು ತಿಂಗಳಾದ ಮೇಲೆ ಬೇರೆ ಕಡೆ ತೋರಿಸಿದೆವು, ಅಲ್ಲಿ ಈ ಕ್ಲಿಪ್ಪು ಇತ್ತು. ಹುಡುಗ ಬಿಳಿ ಕೋಟು ಕಂಡ ಕೂಡಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ. ಸಿಸ್ಟರ್ ಮೊದಲು ತಮ್ಮ ಬೆರಳಿಗೇ ಹಾಕಿಕೊಂಡು ಕೆಂಪು ಬೆಳಕು ತೋರಿಸಿದರು. ಆಮೇಲೆ ಒಂದು ಕೈ ಮೆಲ್ಲಗೆ ಮುಂದೆ ಬಂತು. ಡಿಸೆಂಬರ್ ಚಳಿ, ಬೆರಳು ತಣ್ಣಗಿತ್ತು, ಯಂತ್ರದಲ್ಲಿ ಬರೀ ಗೆರೆ. ಬೆರಳು ತಣ್ಣಗಿದ್ದರೂ, ಮಗು ಅಲುಗಾಡಿದರೂ, ನೇಲ್ ಪಾಲಿಷ್ ಇದ್ದರೂ ಲೆಕ್ಕ ತಪ್ಪುತ್ತದಂತೆ. ತಂಗಿ ಸೆರಗಿನಲ್ಲಿ ಅವನ ಕೈ ಮುಚ್ಚಿ ಉಜ್ಜಿದಳು. ಮೂರನೇ ಸಲಕ್ಕೆ 11.8 ಬಂತು.

ಈ ವಯಸ್ಸಿಗೆ 11 ಇದ್ದರೆ ಸಾಕು. ಆದರೂ ಡಾಕ್ಟರ್ ಅದೊಂದನ್ನೇ ನಂಬಲಿಲ್ಲ, ಒಂದು ಪಾಯಿಂಟ್ ಆಚೆ ಈಚೆ ಆಗುತ್ತದೆ, ಇದು ಕಮ್ಮಿ ಇರುವವರನ್ನು ಬೇರ್ಪಡಿಸಲು ಜರಡಿ ಹಿಡಿದ ಹಾಗೆ ಅಷ್ಟೇ ಅಂದರು. ಆಪರೇಷನ್ ದಿನ ಡ್ರಿಪ್ಪಿಗೆ ಸೂಜಿ ಹಾಕಲೇಬೇಕಲ್ಲ, ಆಗಲೇ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. 11.1. ಹತ್ತೂವರೆಗೆ ಒಳಗೆ ಕರೆದುಕೊಂಡು ಹೋದರು.