ಕೇಕ್‌ನ್ಯೆಲೂ: ಒಂಟಿಯಾಗಿ ಕಾಯಿ ಕಚ್ಚದ ಬಳ್ಳಿ

ಕೇಳುಗರೇ, ನಮಸ್ಕಾರ.

ಹಂಗೇರಿಯಲ್ಲಿ ಬಾಲಟನ್ ಅನ್ನೋ ದೊಡ್ಡ ಸರೋವರ ಇದೆ. ಉದ್ದ ಸುಮಾರು 77 ಕಿಲೋಮೀಟರ್. ಅದರ ಉತ್ತರ ದಡದಲ್ಲಿ ಬದಚೋನ್ ಬೆಟ್ಟ. ಲಕ್ಷಾಂತರ ವರ್ಷಗಳ ಹಿಂದೆ ಅದು ಜ್ವಾಲಾಮುಖಿ. ಈಗ ನೆತ್ತಿ ಚಪ್ಪಟೆ, ಮೈಯೆಲ್ಲ ಬಸಾಲ್ಟ್ ಕಲ್ಲು. ದಕ್ಷಿಣದ ಇಳಿಜಾರಿನ ತೋಟಗಳಿಗೆ ನೇರ ಬಿಸಿಲಿನ ಜೊತೆಗೆ ಸರೋವರದ ನೀರಿನಿಂದ ಚಿಮ್ಮುವ ಬೆಳಕೂ ಸಿಗುತ್ತದೆ. ಹಗಲು ಕಾದ ಕಲ್ಲು ರಾತ್ರಿಯೂ ಬೆಚ್ಚಗಿರುತ್ತದೆ. ಈ ಬೆಟ್ಟದ ಹೆಮ್ಮೆ ಕೇಕ್‌ನ್ಯೆಲೂ ಅನ್ನೋ ಬಿಳಿ ದ್ರಾಕ್ಷಿ.

ಇದರ ಎಲೆಯ ತೊಟ್ಟಿಗೆ ತುಸು ನೀಲಿ ಛಾಯೆ. ಹೆಸರೂ ಅದರಿಂದಲೇ ಬಂದದ್ದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಹೂವು.

ಸಾಮಾನ್ಯವಾಗಿ ವೈನ್ ದ್ರಾಕ್ಷಿಯ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಕೆಲಸ ಮಾಡುತ್ತವೆ. ಬಳ್ಳಿ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ. ಕೇಕ್‌ನ್ಯೆಲೂ ಹೂವಿನಲ್ಲಿ ಕೇಸರಗಳೇನೋ ಇವೆ, ಆದರೆ ಅದರ ಪರಾಗದಿಂದ ಕಾಯಿ ಆಗೋದಿಲ್ಲ. ನಮ್ಮ ಹಿತ್ತಲಿನ ಪಪ್ಪಾಯಿಯಲ್ಲಿ ಹೆಣ್ಣು ಗಿಡಕ್ಕೆ ಗಂಡು ಗಿಡ ಬೇಕಲ್ವಾ, ಹಾಗೆ ಇದಕ್ಕೂ ಬೇರೆ ಬಳ್ಳಿಯ ಪರಾಗ ಬೇಕು. ಅದಕ್ಕೇ ಬೆಳೆಗಾರರು ಇದರ ಸಾಲುಗಳ ಪಕ್ಕದಲ್ಲಿ ಬುಡೈ ಜೋಲ್ಡ್ ಅನ್ನೋ ಇನ್ನೊಂದು ಹಳೆಯ ತಳಿ ಹಾಕುತ್ತಾರೆ. ಎರಡೂ ಒಂದೇ ಹೊತ್ತಿಗೆ ಹೂ ಬಿಡಬೇಕು, ಹವೆ ಒಣಗಿರಬೇಕು. ಆ ಕೆಲವೇ ದಿನಗಳಲ್ಲಿ ಮಳೆ ಹಿಡಿಯಿತೋ, ಗೊಂಚಲಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ.

ಇಷ್ಟು ಕಷ್ಟದ ಬೆಳೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಂಗೇರಿಗೆ 1875ರಲ್ಲಿ ಫಿಲಾಕ್ಸೆರಾ ಅನ್ನೋ ಬೇರು ತಿನ್ನುವ ಕೀಟ ಬಂತು. ತೋಟಗಳು ಬರಿದಾದವು. ಮತ್ತೆ ನೆಡುವಾಗ ಎಷ್ಟೋ ಜನ ಸುಲಭದ ತಳಿಗಳನ್ನು ಆರಿಸಿಕೊಂಡರು. ಆಮೇಲೆ ಬಂದ ಸಮಾಜವಾದಿ ಆಡಳಿತದಲ್ಲಿ ಜಾಸ್ತಿ ಇಳುವರಿಯೇ ಮುಖ್ಯವಾಯಿತು. 1957ರಲ್ಲಿ ಬದಚೋನ್‌ನಲ್ಲೇ ಕೇಕ್‌ನ್ಯೆಲೂಗೆ ಬುಡೈ ಜೋಲ್ಡ್ ಕೂಡಿಸಿ ರೋಜಾಕೋ ಅನ್ನೋ ಹೊಸ ತಳಿ ಮಾಡಿದರು. ಒಳ್ಳೆಯ ದ್ರಾಕ್ಷಿಯೇ. ಆದರೂ ಮಗಳು ಬಂದಳು ಅಂತ ತಾಯಿಯನ್ನು ಬಿಡೋದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 1990ರ ದಶಕದಲ್ಲಿ ಹೂಬಾ ಸೆರೆಮ್ಲೆಯಿ ಅವರಂಥ ಬೆಳೆಗಾರರು ಕೇಕ್‌ನ್ಯೆಲೂವನ್ನು ಮತ್ತೆ ಹಟದಿಂದ ನೆಟ್ಟರು. ಅವರಿಗೆ ನಾವು ಋಣಿಗಳು.

ಇದರ ವೈನ್ ಮೊದಲ ಗುಟುಕಿಗೇ ಮೆಚ್ಚಿಸೋ ಜಾತಿಯದಲ್ಲ. ಎಳೆಯದಿದ್ದಾಗ ಪರಿಮಳ ಕಡಿಮೆ, ಹುಳಿ ಚುರುಕು. ಬಾಟಲಿಯಲ್ಲಿ ಕೆಲವು ವರ್ಷ ಇಟ್ಟರೆ ನಿಧಾನಕ್ಕೆ ಮೈದುಂಬಿಕೊಳ್ಳುತ್ತದೆ.

ಬುಡೈ ಜೋಲ್ಡ್ ಕೂಡ ಈಗ ಅಪರೂಪದ ತಳಿ. ಬಹುಕಾಲ ಅದನ್ನು ಸುಮ್ನೆ ಪರಾಗಕ್ಕಾಗಿ ಇಟ್ಟ ಬಳ್ಳಿ ಅಂತಲೇ ನೋಡುತ್ತಿದ್ದರು. ಈಗ ಕೆಲವರು ಅದರಿಂದಲೂ ಬೇರೆಯಾಗಿ ವೈನ್ ಮಾಡಿ, ಅದರದೇ ಹೆಸರಲ್ಲಿ ಮಾರುತ್ತಿದ್ದಾರೆ. ಇದು ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ. ಬುಡೈ ಜೋಲ್ಡ್ ಬೆಳೆದವರಿಗೆ ನಾಲ್ಕು ಕಾಸು ಸಿಕ್ಕರೆ, ಆ ಸಾಲುಗಳನ್ನು ಯಾರೂ ಕಿತ್ತು ಹಾಕುವುದಿಲ್ಲ.

ನಮಸ್ಕಾರ.