ನಮ್ಮ ಮನೆಯಲ್ಲಿ ಸರ್ವರ್ ಇದೆ

ಮಾನ್ಯ ಅಧ್ಯಕ್ಷರೆ, ಹಿರಿಯರೆ, ವಿದ್ಯಾರ್ಥಿ ಮಿತ್ರರೆ,

"ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತನ್ನು ಕೇಳದವರು ಈ ಸಭಾಂಗಣದಲ್ಲಿ ಒಬ್ಬರೂ ಇರಲಾರರು. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಜಡಿಮಳೆಯಲ್ಲಿ, ಜಮೀನಿನ ಪಹಣಿಯಾದ ಆರ್‌ಟಿಸಿಗಾಗಿ ಕಚೇರಿಯೊಂದರ ಜಗಲಿಯಲ್ಲಿ ನಾನು ಕುಳಿತಿದ್ದೆ. ಪಕ್ಕದಲ್ಲಿ ನೀರು ಸೋರುವ ಕೊಡೆಯನ್ನು ಮೊಣಕಾಲಿಗೆ ಒರಗಿಸಿಕೊಂಡು ಒಬ್ಬ ಅಜ್ಜಿ ಇದ್ದರು. ಅವರಿಗೆ ಅದು ಮೂರನೆಯ ದಿನ. ಒಳಗಿನಿಂದ ಆ ಪ್ರಸಿದ್ಧ ವಾಕ್ಯ ಕೇಳಿಬಂದಾಗ ಅವರು ನನ್ನತ್ತ ತಿರುಗಿ, "ಈ ಸರ್ವರ್ ಎನ್ನುವವರು ಇಷ್ಟು ರಜೆ ಹಾಕಿದರೆ ಬದಲಿಗೆ ಯಾರನ್ನೂ ಕಳುಹಿಸುವುದಿಲ್ಲವೇನಪ್ಪ?" ಎಂದು ಕೇಳಿದರು. ಅದು ಮನುಷ್ಯನಲ್ಲ ಅಜ್ಜಿ, ಎಲ್ಲೋ ದೂರದಲ್ಲಿರುವ ಕಂಪ್ಯೂಟರ್ ಎಂದು ನಾನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಮಳೆಯನ್ನೇ ನೋಡುತ್ತಿದ್ದು, "ಗಿರಣಿ ಕೆಟ್ಟರೆ ನಾವೇನು ಉಪವಾಸ ಬೀಳುತ್ತೇವೆಯೇ, ಮನೆಯಲ್ಲಿ ಒರಳಿಲ್ಲವೇ?" ಎಂದರು. ಆ ದಿನ ಆರ್‌ಟಿಸಿ ಸಿಗಲಿಲ್ಲ. ಆದರೆ ಮನೆಗೆ ಬಂದ ಮೇಲೂ ಆ ಒರಳು ನನ್ನ ತಲೆಯಿಂದ ಇಳಿಯಲಿಲ್ಲ.

ನನ್ನ ವಾದ ಇಷ್ಟೇ: ಸರ್ವರ್ ಇಲ್ಲ ಎಂದಾಗ ಬಹುಪಾಲು ಸಂದರ್ಭಗಳಲ್ಲಿ ಸರ್ವರ್ ಇದ್ದೇ ಇರುತ್ತದೆ, ಇಲ್ಲದಿರುವುದು ಅಲ್ಲಿಗೆ ಹೋಗುವ ದಾರಿ. ಎಲ್ಲೋ ಸಿಲ್ವರ್ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದಿರುತ್ತದೆ. ಮಳೆಗೆ ಗುಡ್ಡ ಕುಸಿದು ರಸ್ತೆಗಳೇ ಕಡಿದುಹೋದ 2018ರ ಆಗಸ್ಟ್ ತಿಂಗಳನ್ನು ಕಂಡ ನಮಗೆ ದಾರಿ ಇಲ್ಲದಿರುವುದು ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಸರ್ವರ್ ಎಂದೊಡನೆ ತಣ್ಣನೆಯ ಕೋಣೆಯಲ್ಲಿ ಸಾಲಾಗಿ ನಿಂತ ಕಪ್ಪು ಪೆಟ್ಟಿಗೆಗಳು ನೆನಪಿಗೆ ಬರುವುದು ಸಹಜ. ವಾಸ್ತವದಲ್ಲಿ ಅದು ಒಂದು ಪ್ರೋಗ್ರಾಂ ಮಾತ್ರ. ಬಾಗಿಲಲ್ಲಿ ಕಿವಿಗೊಟ್ಟು ಕುಳಿತು, ಯಾರಾದರೂ ಬಂದು ಇಂಥ ಪುಟ ಬೇಕೆಂದರೆ ಫೋಲ್ಡರಿನಿಂದ ತೆಗೆದು ಕೊಡುವುದೇ ಅದರ ಕೆಲಸ. 1990ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಗತ್ತಿನ ಮೊದಲ ವೆಬ್ ಸರ್ವರನ್ನು ನಡೆಸಿದ್ದು ತಮ್ಮ ಮೇಜಿನ ಮೇಲಿದ್ದ ನೆಕ್ಸ್ಟ್ ಕಂಪ್ಯೂಟರಿನಲ್ಲಿ. ಇದು ಸರ್ವರ್, ಇದನ್ನು ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯನ್ನು ಅದಕ್ಕೆ ಅಂಟಿಸಲಾಗಿತ್ತು. ನಮ್ಮ ಮನೆಯ ಸರ್ವರಿಗೂ ನಾನು ಚೀಟಿ ಅಂಟಿಸಿದ್ದೇನೆ: "ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ." ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಎರಡು ಮೋಡೆಮ್ ಕಳೆದುಕೊಂಡವನ ಚೀಟಿ ಹೀಗಲ್ಲದೆ ಬೇರೆ ಹೇಗಿರಲು ಸಾಧ್ಯ?

ಸುಲಭದ ದಾರಿಯನ್ನು ಮೊದಲು ಹೇಳುತ್ತೇನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂತ್ರಾಂಶ ಇರುವ ಕಂಪ್ಯೂಟರಿನಲ್ಲಿ ಪುಟಗಳಿರುವ ಫೋಲ್ಡರಿಗೆ ಹೋಗಿ ಒಂದೇ ಸಾಲಿನ ಆದೇಶ ಕೊಟ್ಟರೆ, 8000ನೆಯ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ, ಸರ್ವರ್ ಎದ್ದು ಕೂರುತ್ತದೆ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು, ಕೋಲನ್ ಹಾಕಿ, 8000 ಎಂದು ಸೇರಿಸಿದರೆ ಪುಟ ತೆರೆಯುತ್ತದೆ. ಲೋಕಲ್‌ಹೋಸ್ಟ್ ಎಂದರೆ 127.0.0.1, ಅಂದರೆ ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಇದಕ್ಕೆ ಇಂಟರ್‌ನೆಟ್ ಬೇಡ. ಒರಳಿಗೆ ಕರೆಂಟು ಬೇಡವಾದಂತೆ ಎನ್ನಲು ಹೊರಟಿದ್ದೆ, ಆದರೆ ಕರೆಂಟು ಬೇಕು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಇರುವಷ್ಟು ಹೊತ್ತು ಅದೂ ಬೇಡ.

ನಮ್ಮ ಮನೆಯ ಅಗತ್ಯ ಇದಕ್ಕಿಂತ ಸ್ವಲ್ಪ ದೊಡ್ಡದಾಗಿತ್ತು. ತೋಟವಿರುವ ನಮ್ಮಲ್ಲಿ ಅನೇಕರ ಮನೆಗಳಲ್ಲಿರುವಂತೆ ನಮ್ಮಲ್ಲಿಯೂ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕವಿದೆ. ಪ್ರತಿದಿನ ಬೆಳಿಗ್ಗೆ ಮಾಪಕದ ನೀರನ್ನು ಅಳೆದು, ಇಂಚು ಮತ್ತು ಇಂಚಿನ ನೂರನೆಯ ಭಾಗವಾದ ಸೆಂಟುಗಳಲ್ಲಿ ಬರೆದ ಲೆಕ್ಕ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಈ ವರ್ಷ ತಡವಾಯಿತೇ ಎಂಬ ಜಗಳ ಪ್ರತಿ ಮಾರ್ಚಿನಲ್ಲಿ ಎದ್ದಾಗ, ಗೆದ್ದಲು ತಿಂದ ಆ ಪುಸ್ತಕವನ್ನು ಅಟ್ಟದಿಂದ ಇಳಿಸಬೇಕಾಗುತ್ತಿತ್ತು. ಅದನ್ನು ಡೇಟಾಬೇಸಿಗೆ ಹಾಕಿ, ಮನೆಯ ಯಾರ ಮೊಬೈಲಿನಲ್ಲಾದರೂ ನೋಡುವಂತೆ ಮಾಡೋಣವೆಂದು ಅಣ್ಣನ ಮಗನೂ ನಾನೂ ಕುಳಿತೆವು. ಅಪಾಚೆ ಸರ್ವರ್, ಮರಿಯಾ ಡಿಬಿ ಡೇಟಾಬೇಸ್, ಪುಟಗಳನ್ನು ಸಿದ್ಧಪಡಿಸುವ ಪಿಎಚ್‌ಪಿ ಭಾಷೆ ಎಲ್ಲವನ್ನೂ ಒಂದೇ ಗಂಟಿನಲ್ಲಿ ಉಚಿತವಾಗಿ ಕೊಡುವ ಜಾಂಪ್ (XAMPP) ಎಂಬ ತಂತ್ರಾಂಶವನ್ನು ಹಾಕಿದೆವು.

ಸ್ಟಾರ್ಟ್ ಬಟನ್ ಒತ್ತಿದೊಡನೆ ಅಪಾಚೆ ಎದ್ದಿತು, ಬಿದ್ದಿತು, ಕೆಂಪು ಅಕ್ಷರಗಳು ಕಾಣಿಸಿಕೊಂಡವು. ಎರಡು ಬಾರಿ ಅಳಿಸಿ ಮತ್ತೆ ಹಾಕಿದೆವು. ಎರಡು ಸಂಜೆ ಹೋದವು. ಕೊನೆಗೆ ತಿಳಿದದ್ದೇನೆಂದರೆ, ವೆಬ್ ಸರ್ವರಿಗೆ ರೂಢಿಯ ಬಾಗಿಲಾದ 80ನೆಯ ಪೋರ್ಟಿನಲ್ಲಿ ಬೇರೊಂದು ಪ್ರೋಗ್ರಾಂ ಮೊದಲೇ ಬಂದು ಕುಳಿತಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಒಂದೇ ಎಲೆಯ ಮುಂದೆ ಇಬ್ಬರು ಕೂರಲಾಗದು. ಅಪಾಚೆಯ ಸಂರಚನಾ ಕಡತದಲ್ಲಿ ಲಿಸನ್ ಎಂಬ ಪದದ ಮುಂದಿದ್ದ 80ನ್ನು 8080 ಎಂದು ಬದಲಿಸಿದ್ದೇ ತಡ, ಪರದೆಯಲ್ಲಿ ಅಪಾಚೆಯ ಪೆಟ್ಟಿಗೆ ಹಸಿರಾಯಿತು. ಆದ್ದರಿಂದ ಕೆಂಪು ಅಕ್ಷರ ಕಂಡಾಗ ತಂತ್ರಾಂಶವನ್ನು ಅಳಿಸಬೇಡಿ, ಅಕ್ಷರಗಳನ್ನು ಓದಿ. ಅಲ್ಲಿ ಪೋರ್ಟಿನ ಸಂಖ್ಯೆ ಇದ್ದೇ ಇತ್ತು, ನಾವು ಓದಿರಲಿಲ್ಲ.

ಮುಂದಿನ ತೊಡಕು ಕನ್ನಡದ್ದು. ಪುಟದ ತಲೆಯಲ್ಲಿ "ಮಳೆ" ಎಂದು ಬರೆದಿದ್ದೆವು, ತೆರೆದಾಗ ಒಂಬತ್ತು ವಿಚಿತ್ರ ಚಿಹ್ನೆಗಳು ಕಂಡವು. ಅಕ್ಷರಗಳನ್ನು ಕಂಪ್ಯೂಟರಿಗಾಗಿ ಅಂಕಿಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಮಕಾರ, ಳಕಾರ, ಎತ್ವದ ಚಿಹ್ನೆ ಸೇರಿ ಒಂಬತ್ತು. ಪುಟದ ಲಿಪಿಕ್ರಮ ಯಾವುದೆಂದು ನಾವು ಹೇಳದಿದ್ದರಿಂದ ಬ್ರೌಸರ್ ಆ ಬೈಟುಗಳನ್ನು ಪಶ್ಚಿಮ ಯೂರೋಪಿನ ಅಕ್ಷರಗಳೆಂದು ಬಿಡಿಬಿಡಿಯಾಗಿ ಓದಿತ್ತು. ಅವುಗಳ ನಡುವೆ ವೃತ್ತದೊಳಗಿನ ಆರ್ ಅಕ್ಷರವೂ ಇತ್ತು, ನಮ್ಮ ಮಳೆಯನ್ನು ಯಾವುದೋ ಕಂಪನಿ ತನ್ನ ಹೆಸರಿಗೆ ನೋಂದಾಯಿಸಿಕೊಂಡ ಹಾಗೆ! ಪುಟದ ಆರಂಭದಲ್ಲಿ ಯುಟಿಎಫ್-8 ಎಂದು ಘೋಷಿಸುವ ಒಂದು ಸಾಲು ಸೇರಿಸಿದ ಮೇಲೆ ಮಳೆ ಮಳೆಯಾಯಿತು.

ಅಧ್ಯಕ್ಷರು ಗಡಿಯಾರ ನೋಡಿದ್ದನ್ನು ನಾನೂ ನೋಡಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಮನೆಯ ಇತರರ ಮೊಬೈಲಿಗೆ ಲೋಕಲ್‌ಹೋಸ್ಟ್ ಎಂದರೆ ಆ ಮೊಬೈಲೇ, ಆದ್ದರಿಂದ ಅವರು ಬರೆಯಬೇಕಾದದ್ದು ರೌಟರ್ ನಿಮ್ಮ ಕಂಪ್ಯೂಟರಿಗೆ ಕೊಟ್ಟ, ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ವಿಳಾಸವನ್ನು, ಅದರ ಮುಂದೆ ಕೋಲನ್ ಹಾಕಿ 8080ನ್ನು. ಆಗಲೂ ಪುಟ ಬಾರದಿದ್ದರೆ ವಿಂಡೋಸ್‌ನ ಕಾವಲುಗಾರನಾದ ಫೈರ್‌ವಾಲ್ ತಡೆಯುತ್ತಿರಬಹುದು. ಮನೆಯ ಜಾಲಕ್ಕೆ ಮಾತ್ರ ಅನುಮತಿ ಕೊಡಿ. ರೌಟರಿನಲ್ಲಿ ಕಿಂಡಿ ತೆರೆದು ಹೊರಜಗತ್ತಿಗೆ ಇದನ್ನು ತೋರಿಸುವ ಆಸೆಯನ್ನು ಸದ್ಯಕ್ಕೆ ಬಿಡಿ, ಏಕೆಂದರೆ ಜಾಂಪ್‌ನ ಡೇಟಾಬೇಸ್ ಹಾಕಿದ ಹೊಸತರಲ್ಲಿ ಮುಖ್ಯ ಬಳಕೆದಾರನಿಗೆ ಪಾಸ್‌ವರ್ಡೇ ಇರುವುದಿಲ್ಲ. ಒರಳು ಅಡುಗೆಮನೆಯಲ್ಲಿರಲಿ, ರಸ್ತೆಗೆ ಬೇಡ. ಬ್ಯಾಕಪ್ ಬಗ್ಗೆ ಹತ್ತು ನಿಮಿಷ ಮಾತನಾಡಬೇಕೆಂದಿದ್ದೆ. ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ಮಾಡಿ ಎಂದಷ್ಟೇ ಹೇಳುತ್ತೇನೆ. ಮಳೆ ಪುಸ್ತಕವನ್ನು ನಾವು ಗುಜರಿಗೆ ಹಾಕಿಲ್ಲ.

ಈ ಮೇಜಿನ ಮೇಲಿರುವ ಲ್ಯಾಪ್‌ಟಾಪಿನ ಪಕ್ಕದಲ್ಲಿ ಚಿಕ್ಕ ರೌಟರೊಂದನ್ನು ಇಟ್ಟಿದ್ದೇನೆ. ಅದಕ್ಕೆ ಇಂಟರ್‌ನೆಟ್ ಇಲ್ಲ, ಹೊರಗಿನ ಒಂದು ತಂತಿಯೂ ಇಲ್ಲ. ಚಹಾದ ಹೊತ್ತಿಗೆ ಮೊಬೈಲ್ ಹಿಡಿದು ಬನ್ನಿ. ಬರೆಯಬೇಕಾದ ವಿಳಾಸವನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ನೀವು ಹುಟ್ಟಿದ ದಿನ ನಮ್ಮ ತೋಟದಲ್ಲಿ ಎಷ್ಟು ಮಳೆ ಬಂತೆಂದು ತಾರೀಖು ಹಾಕಿ ನೋಡಬಹುದು. ಕೆಲವು ದಿನಗಳ ಲೆಕ್ಕ ಗೆದ್ದಲಿನ ಹೊಟ್ಟೆ ಸೇರಿದೆ, ಅಲ್ಲಿ ಖಾಲಿ ಕಂಡರೆ ಸರ್ವರ್ ಇಲ್ಲ ಎನ್ನಬೇಡಿ.

ನಮಸ್ಕಾರ.