ಸೆಕೆಂಡ್ ಫ್ಲೋರ್ ಯಾವುದು?

ಕೇಳುಗರಿಗೆ ನಮಸ್ಕಾರ. ಮಾನ್ವಿ, ಸಿಂಧನೂರು, ಗಂಗಾವತಿ ಕಡೆ ಅಂಗಡಿಯಲ್ಲಿ ಕುಳಿತು, ಒಲೆಯ ಮುಂದೆ ನಿಂತು ಕೇಳುತ್ತಿರುವ ನಿಮಗೆ ಇಂಗ್ಲಿಷಿನ ಬಗ್ಗೆ ಒಂದೇ ಮಾತು ಹೇಳಬೇಕಿದೆ. ಇಂಗ್ಲಿಷ್ ಸೀಮೆಗೊಂದು ಥರ ಇದೆ. ಬೇರೆಯಾಗಿದ್ದ ಮಾತ್ರಕ್ಕೆ ಅದು ತಪ್ಪಲ್ಲ.

ರಾಯಚೂರಿನವರು ಉಳ್ಳಾಗಡ್ಡಿ ಎನ್ನುತ್ತೇವೆ, ಮೈಸೂರಿನವರು ಈರುಳ್ಳಿ ಎನ್ನುತ್ತಾರೆ. ಇಬ್ಬರ ಒಗ್ಗರಣೆಗೂ ಬೀಳುವುದು ಅದೇ. ಕನ್ನಡದಲ್ಲಿ ಇದನ್ನು ಸಲೀಸಾಗಿ ಒಪ್ಪುವ ನಾವು ಇಂಗ್ಲಿಷ್ ಎಂದೊಡನೆ ಏಕೆ ಹೆದರಬೇಕು?

ನನ್ನ ತಂಗಿ ಕೊಪ್ಪಳದವಳು. ಮಗನನ್ನು ನೋಡಲು ಮೊದಲ ಸಲ ಅಮೆರಿಕಕ್ಕೆ ಹೋದಳು. ಕಟಕ ರೊಟ್ಟಿ ಮುರಿಯದಂತೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಮಗ ಕಾರು ನಿಲ್ಲಿಸುತ್ತಾ, "ಅವ್ವ, ನೀನು ಮೇಲೆ ಹೋಗುತ್ತಿರು. ಸೆಕೆಂಡ್ ಫ್ಲೋರ್, ಎಡಗಡೆ ಬಾಗಿಲು" ಎಂದ. ಇವಳು ಡಬ್ಬಿಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಕೆಳಗಿನದು ಗ್ರೌಂಡ್ ಫ್ಲೋರ್, ಅದರ ಮೇಲೆ ಒಂದು, ಅದರ ಮೇಲೆ ಎರಡು. ಎಡಗಡೆ ಬಾಗಿಲು ತಟ್ಟಿದಳು. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಎತ್ತರದ ಮನುಷ್ಯನೊಬ್ಬ ಬಾಗಿಲು ತೆಗೆದ. ಮಗನ ಗೆಳೆಯನಿರಬೇಕೆಂದು ಡಬ್ಬಿಯನ್ನು ಅವನ ಕೈಗೆ ಕೊಟ್ಟು ಚಪ್ಪಲಿ ಬಿಟ್ಟಳು! ಕೆಳಗಿನಿಂದ ಸೊಸೆ ಓಡಿಬಂದು ಕರೆದುಕೊಂಡು ಹೋದಳು. ಆ ಮನುಷ್ಯ ಒಳ್ಳೆಯವನು, ಎರಡು ರೊಟ್ಟಿ ಇಸಿದುಕೊಂಡನಂತೆ. ಆದರೆ ರಾತ್ರಿ ತಂಗಿ ಫೋನು ಮಾಡಿ, "ಅಣ್ಣಾ, ನನಗೆ ಇಂಗ್ಲಿಷ್ ಬರುವುದಿಲ್ಲ ಬಿಡು" ಎಂದಳು. ಒಂದು ವಾರ ಒಬ್ಬಳೇ ಹೊಸ್ತಿಲು ದಾಟಲಿಲ್ಲ.

ಅವಳ ಲೆಕ್ಕದಲ್ಲಿ ತಪ್ಪೇನಿತ್ತು? ನೆಲಮಟ್ಟದ ಮನೆಯೇ ಅಮೆರಿಕದವರಿಗೆ ಫಸ್ಟ್ ಫ್ಲೋರ್. ಲಂಡನ್ನಿನಲ್ಲಿ ಅದು ಗ್ರೌಂಡ್ ಫ್ಲೋರ್, ನಮ್ಮ ಕೊಪ್ಪಳದಲ್ಲೂ ಅಷ್ಟೇ. ತಂಗಿ ಎಣಿಸಿದ್ದು ಸರಿಯಾಗಿಯೇ ಇತ್ತು, ಆ ಸೀಮೆಯ ಎಣಿಕೆ ಬೇರೆಯಾಗಿತ್ತು.

ನಮ್ಮವರೇ ನಮ್ಮವರನ್ನು ನೋಡಿ ನಗುವಾಗ ನನಗೆ ಸಿಟ್ಟು ಬರುತ್ತದೆ. ಸಭೆಯನ್ನು 'ಪ್ರಿಪೋನ್' ಮಾಡೋಣ, ಅಂದರೆ ಗೊತ್ತಾದ ದಿನಕ್ಕಿಂತ ಮೊದಲೇ ನಡೆಸೋಣ, ಎಂದರೆ ಅಂಥ ಪದವೇ ಇಲ್ಲ ಎಂದು ತಿದ್ದುವವರಿದ್ದಾರೆ. ದಯವಿಟ್ಟು ಆಕ್ಸ್‌ಫರ್ಡ್ ನಿಘಂಟು ತೆಗೆದು ನೋಡಿ, ಇದೆ. 'ಕಸಿನ್ ಬ್ರದರ್' ಎಂದರೂ, ಬರೀ 'ಕಸಿನ್' ಸಾಕು ಎಂದು ನಗುತ್ತಾರೆ. ದೊಡ್ಡಪ್ಪನ ಮಗನನ್ನು ಅಣ್ಣ ಎಂದೇ ಕರೆದು ಬೆಳೆದವರು ಆ 'ಬ್ರದರ್' ಅನ್ನು ಹೇಗೆ ಬಿಟ್ಟಾರು? ಅಮೆರಿಕದವರು 'ಕಲರ್' ಪದದಿಂದ 'ಯು' ಅಕ್ಷರವನ್ನೇ ತೆಗೆದರು. ಅಲ್ಲಿನ ನಿಘಂಟುಕಾರ ವೆಬ್‌ಸ್ಟರ್ ತಮ್ಮ 1828ರ ನಿಘಂಟಿನಲ್ಲಿ ಹಾಗೆಯೇ ಅಚ್ಚು ಹಾಕಿದರು. ಅದನ್ನು ಯಾರೂ ತಪ್ಪೆನ್ನುವುದಿಲ್ಲ.

ಸಮಯವಾಗುತ್ತಿದೆ. ಮಕ್ಕಳು ಹೊರದೇಶದಲ್ಲಿರುವವರು ಇದೊಂದನ್ನು ಬರೆದಿಟ್ಟುಕೊಳ್ಳಿ. 4-7 ಎಂದರೆ ನಮಗೆ ಜುಲೈ 4, ಅಮೆರಿಕದವರಿಗೆ ಏಪ್ರಿಲ್ 7. ಮದುವೆಯ ದಿನ ತಿಳಿಸುವಾಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ನಮಸ್ಕಾರ.